ಇವತ್ತು ಮಾತ್ರ ತೇಜಸ್

“ಮಕ್ಕಳ ರಕ್ತಾನ ಹಾಲಿನ ಪಕ್ಕ ಮಡಗಕ್ಕಾಯ್ತದಾ? ಆಗಕಿಲ್ಲ ಕಣ್ರೀ!”

ಬೆಳಗಾಗುತ್ತಲೇ, ಹಾಲು ಹಾಕಲು ಬಂದ ಅರ್ಧ ಊರಿನ ಎದುರಿಗೆ ಹೀಗೆ ಮುಖಕ್ಕೆ ಹೊಡೆದಂತೆ ಮಾತಾಡಿದವನನ್ನು ಪುಷ್ಪಾ ದುರುಗುಟ್ಟಿ ನೋಡಿದಳು.

“ರಕ್ತ ಅಲ್ಲ ರೀ! ಬರೀ ಐಸ್ ಪ್ಯಾಕ್. ನಿಮ್ಮ ಫ್ರಿಜ್‌ನಲ್ಲಿ ಒಂದು ಮೂಲೆ ಕೊಟ್ರೆ ಸಾಕು.”

“ಅಂಗಂತ ಮೊದ್ಲೇ ಹೇಳ್ಬೇಕು ತಾನೆ?”

“ಹೇಳೋಕೆ ಬಿಟ್ರಾ ನೀವು?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಅಯ್ಯೋ, ಆ ನಗು! ಬೈಯಬೇಕೆಂದುಕೊಂಡಿದ್ದ ಮಾತು ಪುಷ್ಪಾಳ ಬಾಯಲ್ಲೇ ಉಳಿದುಹೋಯಿತು.

ಅವನು ಗೌರೀಶ್. ಅಂತರಸಂತೆ ದಾಟಿ ಕಾಕನಕೋಟೆ ಕಾಡಿನ ಕಡೆ ಹೋದರೆ ಸಿಗುವ ಆ ಸಣ್ಣ ಊರಿನ ಡೇರಿ ಸೆಕ್ರೆಟರಿ. ಅಳತೆ ಕಡ್ಡಿಯಲ್ಲಿ ಡಿಗ್ರಿ ಬಂದಿಲ್ಲ, ಹಾಲಿಗೆ ನೀರು ಬೆರೆತಿದೆ ಎಂದು ಹೆತ್ತ ತಾಯಿ ಮಂಗಳಮ್ಮನ ಹಾಲನ್ನೇ ಒಮ್ಮೆ ವಾಪಸ್ ಕಳಿಸಿದ್ದ ಮಹಾನುಭಾವ!

ಪುಷ್ಪಾ ಕೆ.ಆರ್. ನಗರದವಳು, ಲ್ಯಾಬ್ ಟೆಕ್ನಿಷಿಯನ್. ದಡಾರ, ರುಬೆಲ್ಲಾದಂಥ ಕಾಯಿಲೆಗಳನ್ನು ತಡೆಯುವ ಶಕ್ತಿ ಮಕ್ಕಳ ರಕ್ತದಲ್ಲಿ ಇದೆಯೋ ಇಲ್ಲವೋ ಎಂದು ನೋಡುವ ಸಮೀಕ್ಷೆಗೆ ಬಂದಿದ್ದಳು. ಯಾವ ಮಕ್ಕಳು ಎಂಬುದನ್ನು ಮೈಸೂರಿನಲ್ಲೇ ಚೀಟಿ ಎತ್ತಿದ ಹಾಗೆ ಆರಿಸಿದ್ದರು. ಆ ಮಕ್ಕಳದೇ ರಕ್ತ ಬೇಕು.

ಹೇಳುವುದೇನೋ ಸುಲಭ! ಒಂದು ಮನೆಯಲ್ಲಿ “ಮಗ ಅಜ್ಜಿ ಊರಿಗೆ ಹೋಗವ್ನೆ” ಎಂದರು. ಮಗ ಬಾಗಿಲ ಹಿಂದಿನಿಂದ ಇಣುಕುತ್ತಿದ್ದ. ಇನ್ನೊಂದು ಮನೆಯಲ್ಲಿ “ಉಣ್ಣೋದೇ ಒಂದು ತುತ್ತು, ಅದರ ರಕ್ತಾನೂ ಕಿತ್ಕೊಳ್ತೀರಾ?” ಎಂದು ಜಗಳಕ್ಕೇ ಬಂದರು. ಬಿಸಿಲಲ್ಲಿ ಸುತ್ತಿ ಸುತ್ತಿ, ಕೊನೆಗೆ ಅಂಗನವಾಡಿ ಜಗಲಿಯಲ್ಲಿ ಕೂತಾಗ ಅವಳಿಗೆ ಅಳುವೇ ಬಂತು.

ಆಗ ಪಕ್ಕದಲ್ಲಿ ಕಾಫಿ ಲೋಟ ಇಟ್ಟವನು ಗೌರೀಶ್.

“ಬುಡಿ ಮೇಡಂ, ಅಳಬ್ಯಾಡಿ. ನಾನ್ ಮಾತಾಡ್ತೀನಿ.”

ಮಾರನೆಯ ದಿನದಿಂದ ಮಕ್ಕಳು ಬರತೊಡಗಿದರು. ಪುಷ್ಪಾಳಿಗೆ ಜೀವ ಬಂದ ಹಾಗಾಯಿತು. ‘ದೇವರೇ, ಇಂಥವನೊಬ್ಬ ಯಾವಾಗಲೂ ಜೊತೆಗಿದ್ದರೆ...’ ಎಂದು ಅಂದುಕೊಂಡವಳೇ ತನ್ನಷ್ಟಕ್ಕೆ ನಾಚಿಕೊಂಡಳು.

ಆ ನೆಮ್ಮದಿಯೂ ಹೆಚ್ಚು ದಿನ ಉಳಿಯಲಿಲ್ಲ.

“ನಿನ್ನ ಹೆಸರೇನು ಪುಟ್ಟಾ?” ಒಬ್ಬ ಹುಡುಗನ ತೋಳಿಗೆ ಪಟ್ಟಿ ಬಿಗಿಯುತ್ತಾ ಕೇಳಿದಳು.

“ಇವತ್ತು ತೇಜಸ್.”

“ಇವತ್ತಾ? ನಾಳೆ?”

“ನಾಳೆ ಶಶಿಕುಮಾರ್. ಗೌರೀಶ್ ಮಾಮ ಅಂಗೇ ಹೇಳು ಅಂದವ್ರೆ.”

ಜೊತೆಗೆ ಬಂದಿದ್ದ ಅವನ ತಾಯಿ ನಾಲಿಗೆ ಕಚ್ಚಿಕೊಂಡಳು. ಪುಷ್ಪಾ ಪಟ್ಟಿ ಬಿಚ್ಚಿದಳು. ನಿಜವಾದ ತೇಜಸ್ ಗೌರೀಶ್‌ನ ಅಣ್ಣನ ಮಗನೆಂದು ಆ ತಾಯಿಯಿಂದಲೇ ತಿಳಿಯಿತು.

ನೇರ ಡೇರಿಗೆ ಹೋದಳು. “ಎಷ್ಟು ಮಕ್ಕಳನ್ನ ಹೀಗೆ ಅದಲು ಬದಲು ಮಾಡಿದ್ದೀರಿ?”

ಗೌರೀಶ್ ತಲೆ ಕೆರೆದುಕೊಂಡ. “ಒಪ್ಪದೇ ಇದ್ದೋರ ಬದ್ಲಿಗೆ ಒಪ್ಪಿದೋರ ಮಕ್ಳನ್ನ ಕಳಿಸ್ದೆ ಮೇಡಂ. ಇಲ್ಲಿ ಒಬ್ಬರ ಹಸ ಬತ್ತೋದ್ರೆ ಪಕ್ಕದ ಮನೆ ಹಾಲನ್ನ ಅವ್ರ ಡೇರಿ ನಂಬರ್‌ಗೆ ಹಾಕ್ತಾರಲ್ಲಾ... ಎಲ್ಲಾ ಒಂದೇ ಊರ ಮಕ್ಳು ತಾನೆ?”

“ಅಯ್ಯೋ ನನ್ನ ಕರ್ಮವೇ!” ಪುಷ್ಪಾ ಹಣೆ ಚಚ್ಚಿಕೊಂಡಳು. “ಸೂಜಿ ಬೇಡ ಅನ್ನೋರ ಮನೇಲೇ ರೀ ಲಸಿಕೆ ತಪ್ಪಿಹೋಗಿರೋದು! ಒಪ್ಪಿದೋರ ರಕ್ತವನ್ನೇ ಕಳಿಸಿದ್ರೆ ಊರೆಲ್ಲಾ ಚೆನ್ನಾಗಿದೆ ಅಂತ ಬರುತ್ತೆ. ನಾಳೆ ದಡಾರ ಬಂದ್ರೆ ಮೊದಲು ಮಲಗೋದು ನಿಮ್ಮಣ್ಣನ ಮಗ ತೇಜಸ್ಸೇ!”

ಗೌರೀಶ್‌ನ ಮುಖ ಕಪ್ಪಿಟ್ಟಿತು.

“ನಿಮ್ಮಮ್ಮನ ಹಾಲಿನಲ್ಲಿ ನೀರು ಕಂಡ್ರೆ ಸುಮ್ಮನಿರದವರು ನನ್ನ ಕೆಲಸಕ್ಕೇ ನೀರು ಬೆರೆಸಿದ್ರಲ್ಲಾ! ನಾನು ಬೇಗ ಮುಗಿಸಿ ತೊಲಗಲಿ ಅಂತ ತಾನೆ?”

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ನಿಲ್ಲಲಿಲ್ಲ.

ಆ ಊರಿನ ರಕ್ತವನ್ನೆಲ್ಲಾ ಎಸೆಯಬೇಕಾಯಿತು. ಚುಚ್ಚಿಸಿಕೊಂಡು ಅತ್ತ ಮಕ್ಕಳ ನೋವೆಲ್ಲ ದಂಡ! ಮೇಲಧಿಕಾರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. “ಮತ್ತೆ ಮೊದಲಿಂದ ಮಾಡು. ಆಗದಿದ್ದರೆ ನಿನ್ನ ಕಾಂಟ್ರ್ಯಾಕ್ಟ್ ಉಳಿಯೋದು ಕಷ್ಟ” ಎಂದು ಅವರು ಗದರಿದರು. ಸುಳ್ಳು ಹೇಳಿದವನು ಯಾರೋ, ಬೈಸಿಕೊಂಡವಳು ಯಾರೋ! ‘ಅವನನ್ನು ನಂಬಿದೆನಲ್ಲ... ನನಗೆ ಬುದ್ಧಿ ಇಲ್ಲ’ ಎಂದು ಕಣ್ಣೊರೆಸಿಕೊಂಡಳು.

ಮರುದಿನ ಬೆಳಿಗ್ಗೆ, ಕೆಲಸ ಹೋದರೆ ಹೋಗಲಿ, ಐಸ್ ಪ್ಯಾಕ್ ತೆಗೆದುಕೊಂಡು ಹೊರಟುಬಿಡೋಣವೆಂದು ಡೇರಿಗೆ ಬಂದರೆ, ಗೌರೀಶ್ ಹಾಲು ಅಳೆಯದೆ ನಿಂತಿದ್ದ.

“ನಾನ್ ಮಾಡಿದ್ದು ಕಲಬೆರಕೆ ಕಣ್ರಪ್ಪಾ,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. “ಆ ಮೇಡಂ ಅವ್ರದು ಏನೂ ತಪ್ಪಿಲ್ಲ. ಯಾರ್ ಮಗು ಆಯ್ಕೆ ಆಗಿದ್ಯೋ ಆ ಮಗುನೇ ಬರ್ಬೇಕು. ಮೊದ್ಲು ನಮ್ಮನೆ ತೇಜಸ್ಸೇ ಬರ್ಲಿ.”

ಮಂಗಳಮ್ಮ ಕ್ಯಾನನ್ನು ದಡ್ಡನೆ ಕೆಳಗಿಟ್ಟಳು. “ಸುಮ್ಕಿರ್ಲಾ! ಹಾಲು ಡಿಗ್ರಿ ಬರ್ದಿದ್ರೆ ನೀನು ಮನೆಗೆ ವಾಪಸ್ ಕಳಿಸ್ತೀಯ. ನನ್ನ ಮೊಮ್ಮಗನ ರಕ್ತ ಡಿಗ್ರಿ ಬರ್ದಿದ್ರೆ ಮಗೀನ ಎಲ್ಲಿಗ್ಲಾ ವಾಪಸ್ ಕಳಿಸ್ತಾರೆ? ಇಸ್ಕೂಲಿಂದ ಹೆಸರು ತೆಗೀತಾರಂತೆ!”

ಸಾಲಿನಲ್ಲಿ ಯಾರೂ ನಗಲಿಲ್ಲ. ಊರಿಗೆ ಊರೇ ಹೆದರಿದ್ದು ಇದಕ್ಕೆ! ಇಷ್ಟು ದಿನ ತಾನು ಬೇಕು ಬೇಕು ಎಂದು ಕೇಳಿದೆನೇ ಹೊರತು, ಯಾಕೆ ಬೇಡ ಎಂದು ಯಾರನ್ನೂ ಕೇಳಲಿಲ್ಲವಲ್ಲ ಎಂದು ಪುಷ್ಪಾಳಿಗೆ ಚುರುಕ್ ಎಂದಿತು. ಹೋಗಿ ಆ ಮುದುಕಿಯ ಕೈ ಹಿಡಿದಳು.

“ಅಮ್ಮಾ, ಇದರಲ್ಲಿ ಯಾವ ಮಗುವೂ ಫೇಲ್ ಆಗಲ್ಲ. ಹೆಸರೂ ತೆಗೆಯಲ್ಲ. ಶಕ್ತಿ ಕಮ್ಮಿ ಇದ್ರೆ ಒಂದು ಲಸಿಕೆ ಹಾಕಿಸ್ತೀವಿ, ಅಷ್ಟೇ.”

“ನಿಜ ಹೇಳ್ತಿದ್ದೀಯೇನವ್ವಾ?”

“ಸುಳ್ಳು ಹೇಳೋಳಾಗಿದ್ರೆ ನಿನ್ನೆನೇ ಕೆಲಸ ಮುಗಿಸಿ ಹೋಗ್ತಿದ್ದೆ.”

ಮಂಗಳಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಸೊಸೆಯನ್ನು ಕೂಗಿದಳು. ಅಮ್ಮನ ಮಡಿಲಲ್ಲಿ ಕೂತ ನಿಜವಾದ ತೇಜಸ್ ಊರು ಕಿತ್ತು ಹೋಗುವಂತೆ ಅತ್ತ. ಅವನ ಹಿಂದೆ ಒಬ್ಬೊಬ್ಬರೇ ಬಂದರು.

ಜಗಲಿ ಖಾಲಿಯಾದ ಮೇಲೆ ಗೌರೀಶ್ ದೂರದಲ್ಲೇ ನಿಂತಿದ್ದ.

“ಪುಷ್ಪಾ ಅವ್ರೇ... ನೀವು ಬೇಗ ಹೋಗ್ಲಿ ಅಂತ ಮಾಡಿದ್ದಲ್ಲ. ನೀವು ಅಳೋದನ್ನ ನೋಡಕ್ಕಾಗ್ಲಿಲ್ಲ, ಅದಕ್ಕೇ ಮಾಡ್ದೆ. ನೀವಂದ್ರೆ ನಂಗೆ ಪ್ರಾಣ ಕಣ್ರೀ.”

ಅವಳು ರಕ್ತದ ಪೆಟ್ಟಿಗೆಯ ಮುಚ್ಚಳ ಹಾಕಿದಳು.

“ನನಗಿನ್ನೂ ಸಿಟ್ಟು ಇಳಿದಿಲ್ಲ.”

“ಗೊತ್ತು.”

“ಏನ್ ಗೊತ್ತು ನಿಮಗೆ? ಈ ಊರಲ್ಲಿ ಎಷ್ಟೋ ಜನ ಸುಳ್ಳು ಹೇಳಿ ವಾಪಸ್ ಕಳಿಸಿದ್ರು. ಯಾರ ಮೇಲೂ ಇಷ್ಟು ಸಿಟ್ಟು ಬರಲಿಲ್ಲ... ನಿಮ್ಮೊಬ್ಬರ ಮೇಲೆ ಬಿಟ್ಟು!”

ಅವನು ತಲೆಯೆತ್ತಿದ. “ಯಾಕೆ?”

“ಅದನ್ನೂ ನಾನೇ ಬಾಯಿಬಿಟ್ಟು ಹೇಳಬೇಕಾ?” ಎಂದವಳ ಕಣ್ಣಿಂದ ನೀರು ಇಳಿಯಿತು, ನಗುವೂ ಬಂತು. “ಬೇರೆ ಯಾರ ಮೇಲೂ ನನಗೆ ಪ್ರೀತಿ ಇಲ್ಲ ಕಣ್ರೀ!”