ಹಗ್ಗದೊಳಗಿನ ಸೈರನ್

"ಮೇಡಂ, ಆ ಹುಡುಗಿ ಕಣ್ಣು ಹೋಗಿದ್ದು ನನ್ನಿಂದ ಅಂತಿದ್ದಾರೆ. ಆಣೆ ಮಾಡಿ ಹೇಳ್ತೀನಿ, ಕೊನೇ ಸೈರನ್ ನಂದಲ್ಲ."

ಬಾಂಬ್ ನಿಷ್ಕ್ರಿಯ ದಳದ ಸೈರನ್‌ನವನು ಹೊಸ್ತಿಲಲ್ಲೇ ಕುಸಿದು ಕೂತ. ಅತ್ತಿಗೆ ಉಸ್ಸೆಂದು ಕನ್ನಡಕ ಹುಡುಕಿದರು. ಪತ್ತೇದಾರಿಕೆಯಿಂದ ನಿವೃತ್ತಿ ಅವರ ಹಣೆಯಲ್ಲಿ ಬರೆದಿಲ್ಲ, ಅವರ ಹಿಂದೆ ಚೀಲ ಹೊತ್ತು ತಿರುಗುವುದು ತನ್ನ ಹಣೆಬರಹ ಎಂದುಕೊಂಡು ಮೈದುನ ಚಪ್ಪಲಿ ಮೆಟ್ಟಿದ.

ಹಿಂದಿನ ದಿನ ಬಟ್ಟೆ ಕಾರ್ಖಾನೆಯ ಪಕ್ಕ ಪಾಯ ತೋಡುವಾಗ ಹಳೆಯ ಯುದ್ಧದ ಬಾಂಬ್ ಸಿಕ್ಕಿತ್ತು. ದಳದವರು ಬೀದಿಯ ಕರೆಂಟ್ ತೆಗೆಸಿ, ಕಾರ್ಖಾನೆಯೂ ಸೇರಿದಂತೆ ಸುತ್ತ ಹಗ್ಗ ಕಟ್ಟಿ, ಜನರನ್ನು ದೂರ ಕಳಿಸಿದ್ದರು. ಒಂದೇ ಉದ್ದನೆಯ ಸೈರನ್ ಕೇಳಿದರೆ ಅಪಾಯ ಮುಗಿದಂತೆ. ಅದು ಕೇಳಿಸಿತು. ಹೊಲಿಗೆಯ ಹುಡುಗಿ ಎಲ್ಲರಿಗಿಂತ ಮೊದಲು ಓಡಿಬಂದು ಮಷೀನಿಗೆ ಕೂತಳು. ಬಾಂಬ್ ಸಿಡಿದದ್ದು ಆಮೇಲೆ.

"ಅಂಗೈಗೇನಾಯ್ತೋ?" ಅತ್ತಿಗೆ ಸೈರನ್‌ನವನನ್ನು ಕೇಳಿದರು.

"ಸೈರನ್ ಹಿಡಿ ತಿರುಗಿಸಿ ಬೊಬ್ಬೆ ಎದ್ದಿದೆ, ಮೇಡಂ. ದೂರ ಹೋಗಿ ಅಂತ ನಿನ್ನೆ ಬೆಳಿಗ್ಗೆಯಿಂದ ತಿರುಗಿಸಿದ್ದೇ ತಿರುಗಿಸಿದ್ದು."

ಆಸ್ಪತ್ರೆಯಲ್ಲಿ, ಎಡಗಣ್ಣಿಗೆ ಪಟ್ಟಿ ಕಟ್ಟಿದ್ದ ಹುಡುಗಿ ಗೋಡೆಯತ್ತ ಮುಖ ಮಾಡಿದ್ದಳು. "ಸೈರನ್ ಕತ್ತರಿಸಿದ ಹಾಗೆ ನಿಂತಿತು. ಓಡಿಬಂದು ಫ್ಯಾನ್ ಕೆಳಗೆ ಕೂತೆ. ಬೆವರು ಆರೋದ್ರೊಳಗೆ... ಆ ಸೈರನ್‌ನವನ ಮನೆ ಹಾಳಾಗ!"

ಸಂಜೆ ಕಾರ್ಖಾನೆಯ ಒಡೆದ ಕಿಟಕಿಗಳ ನಡುವೆ ಎಲ್ಲರೂ ಸೇರಿದರು. ಮ್ಯಾನೇಜರ್ ದನಿ ಎತ್ತಿದ: "ನಾನು ದಳದ ವ್ಯಾನ್ ಪಕ್ಕದಲ್ಲೇ ಇದ್ದೆ. ಇವನು ಬಟನ್ ಒತ್ತಿದ್ದನ್ನ ಕಣ್ಣಾರೆ ಕಂಡೆ!"

"ಯಾವ ಬಟನ್?" ಅತ್ತಿಗೆಯ ಸ್ವರದಲ್ಲಿ ಗೆದ್ದ ಖುಷಿಯಿರಲಿಲ್ಲ, ದಣಿವಿತ್ತು. "ಅವನದು ಕೈಯಲ್ಲಿ ತಿರುಗಿಸೋ ಸೈರನ್. ನಿಲ್ಲಿಸಿದ್ರೂ ನರಳಿ ನರಳಿ ಸಾಯತ್ತೆ, ಹುಡುಗಿ ಕೇಳಿದ ಹಾಗೆ ಥಟ್ಟನೆ ನಿಲ್ಲಲ್ಲ. ಬಟನ್ ಇರೋದು ನಿಮ್ಮ ಕಾರ್ಖಾನೆಯ ಪಾಳಿ ಸೈರನ್‌ಗೆ. ದಿನಾ ಒತ್ತೋ ಬೆರಳು, ಬಾಯಿಗೂ ಅದೇ ಬಂತು."

"ಕರೆಂಟೇ ಇರ್ಲಿಲ್ವಲ್ರೀ!"

"ಅವಳು ಕೂತಾಗ ಫ್ಯಾನ್ ತಿರುಗ್ತಿತ್ತಲ್ಲಪ್ಪ. ಅಂದ್ರೆ ಯಾರೋ ಹಗ್ಗದೊಳಗೆ ನುಗ್ಗಿ ಜನರೇಟರ್ ಹಾಕಿದ್ರು. ಅದರ ಬೀಗದ ಕೈ ಯಾರ ಹತ್ರ ಇರತ್ತೆ?"

ಕೆಲಸದ ಹೆಂಗಸರೆಲ್ಲ ಒಟ್ಟಿಗೆ ಮ್ಯಾನೇಜರ್‌ನ ಸೊಂಟದತ್ತ ನೋಡಿದರು. ಅವನು ಗೊಂಚಲನ್ನು ಅಂಗೈಯಿಂದ ಮುಚ್ಚಿಕೊಂಡ.

"ಮಾಲು ಇವತ್ತೇ ಹೋಗ್ಬೇಕು ಅಂತ ಮಾಲೀಕರು... ಬಾಂಬ್ ತಣ್ಣಗಾಗಿದೆ ಅಂದ್ಕೊಂಡೆ, ಮೇಡಂ."

"ಅದಕ್ಕೇ ನೀನು ಜನರೇಟರ್ ಕೋಣೆಯ ದಪ್ಪ ಗೋಡೆ ಹಿಂದೆ ಉಳಿದೆ. ಅವಳು ಕಿಟಕಿ ಪಕ್ಕ ಕೂತಳು."

ದಳದ ಅಧಿಕಾರಿ ಮ್ಯಾನೇಜರ್‌ನ ರಟ್ಟೆ ಹಿಡಿದು, ಸೈರನ್‌ನವನಿಗೆ, "ನಾಳೆ ಕೆಲಸಕ್ಕೆ ಬಾ," ಎಂದರು. ಮಾಲೀಕರ ಹೆಸರನ್ನು ಮಾತ್ರ ಅವರು ಎತ್ತಲಿಲ್ಲ.

ಸೈರನ್‌ನವನು ಕದಲಲಿಲ್ಲ. "ಆಸ್ಪತ್ರೆಗೆ ಹೋಗ್ಲಾ, ಮೇಡಂ? ನಾನಲ್ಲ ಅಂತ ಅವಳಿಗೆ ಗೊತ್ತಾಗ್ಬೇಕು."

"ಹೋಗಪ್ಪ," ಎಂದರು ಅತ್ತಿಗೆ. "ಅವಳ ಬಲಗಡೆ ನಿಂತು ಮಾತಾಡು. ಎಡಗಡೆ ನಿಂತ್ರೆ ಅವಳಿಗೆ ಕಾಣಲ್ಲ."