ಮುಂದೆ ನಡೆಯುವವನ ಬೆನ್ನು

"ರೀ, ಸ್ವಲ್ಪ ನಿಲ್ಲಿ."

ಮುಂದೆ ಹೋಗುತ್ತಿದ್ದವನು ನಿಂತ. ಬೆನ್ನ ಮೇಲಿನ ದೊಡ್ಡ ಬ್ಯಾಗಿನ ಸಮೇತ ಮೆಲ್ಲಗೆ ತಿರುಗಿದ. ಆ ಮುಖ ಕಂಡ ಮೇಲೆಯೇ ಅವಳಿಗೆ ತಾನು ಯಾರನ್ನು ಕರೆದೆ ಎಂಬುದು ಹೊಳೆದದ್ದು. ಕೆನ್ನೆ ಬಿಸಿಯಾಯಿತು.

"ನೀರು ಬೇಕಾ ಅತ್ತಿಗೆ?" ಎಂದ ಅವನು, ಏನೂ ಕೇಳಿಸದವನ ಹಾಗೆ.

ಅತ್ತಿಗೆ ಎಂದು ಕರೆದರೂ ಅವನೇನು ಸ್ವಂತ ಮೈದುನನಲ್ಲ. ಅವಳ ಗಂಡನೂ ಅವನೂ ಜೊತೆಯಾಗಿ ಲಿಫ್ಟ್ ರಿಪೇರಿ ಮಾಡುತ್ತಿದ್ದವರು. ವಾರವಿಡೀ ಲಿಫ್ಟ್ ಓಡಾಡುವ ಕತ್ತಲ ಗುಂಡಿಗಳಲ್ಲಿ ಜೋತಾಡಿ, ರಜೆ ಸಿಕ್ಕರೆ ಬೆಟ್ಟ ಹತ್ತುತ್ತಿದ್ದರು. "ಕೆಲಸದಲ್ಲಿ ಜನರನ್ನ ಮೇಲೆ ಕಳಿಸ್ತೀವಿ, ರಜೇಲಿ ನಾವೇ ಹೋಗ್ತೀವಿ" ಎಂದು ಗಂಡ ನಗಿಸುತ್ತಿದ್ದ. ಹೋದ ವರ್ಷ ಇದೇ ದಾರಿಯಲ್ಲಿ, ಮಂಜು ಕವಿದಿದ್ದಾಗ, ಗಂಡ ಕಾಣೆಯಾದ. ಬೂಟಿನ ದಾರ ಕಟ್ಟಲು ಬಗ್ಗಿದ್ದ ಗೆಳೆಯ ತಲೆಯೆತ್ತುವಷ್ಟರಲ್ಲಿ ದಾರಿ ಖಾಲಿ. ಹುಡುಕಿದವರಿಗೆ ಸಿಕ್ಕಿದ್ದು ಕಣಿವೆಯಲ್ಲಿ ಬಿದ್ದಿದ್ದ ಬ್ಯಾಗ್ ಮಾತ್ರ.

"ಆ ಜಾಗ ಒಂದ್ಸಲ ನೋಡ್ಕೊಂಡು ಬಾ. ನನ್ನ ಕಾಲಲ್ಲಿ ಆಗಲ್ಲ" ಎಂದು ಅತ್ತೆಯೇ ಅವಳನ್ನು ಕಳಿಸಿದ್ದರು. ಗೆಳೆಯ ಜೊತೆಗೆ ಹೊರಟ. ನಡೆಯಲು ಶುರುಮಾಡಿ ಆಗಲೇ ವಾರವಾಗಿತ್ತು.

ಇಷ್ಟೂ ದಿನ ಅವಳು ಅವನನ್ನೇ ಮುಂದೆ ಬಿಡುತ್ತಿದ್ದಳು. ಬ್ಯಾಗಿನ ಪಟ್ಟಿಗೆ ಸಿಕ್ಕಿಸಿದ ಹೆಬ್ಬೆರಳು, ಒಂದು ಬದಿಗೆ ವಾಲುವ ಭುಜ, ಹಿಮ್ಮಡಿ ಊರಿ ಇಡುವ ಹೆಜ್ಜೆ. ಹಿಂದಿನಿಂದ ನೋಡಿದರೆ ಥೇಟ್ ಗಂಡನೇ. ನೋಡಬಾರದು ಅನ್ನಿಸುತ್ತಿತ್ತು. ನೋಡುತ್ತಲೇ ಇದ್ದಳು.

ತೊರೆಯ ಬಳಿ ಕೂತಾಗ ಅವನು ತನ್ನ ಪಾಲಿನ ಒಣಹಣ್ಣಿನಿಂದ ದ್ರಾಕ್ಷಿಯನ್ನೆಲ್ಲ ಆರಿಸಿ ಅವಳ ಅಂಗೈಗೆ ಸುರಿದ.

"ಬೆಳಿಗ್ಗೆಯಿಂದ ನನ್ನ ಬೆನ್ನು ಸುಡ್ತಾ ಇದೆ."

"ಬಿಸಿಲಿಗಾ?"

"ಬಿಸಿಲೆಲ್ಲಿದೆ ಅತ್ತಿಗೆ?"

ಅವಳು ತುಟಿ ಕಚ್ಚಿಕೊಂಡು ನೀರಿನ ಕಡೆ ನೋಡಿದಳು. ಅವನ ದನಿಯಲ್ಲಿದ್ದ ನಗು ಇಳಿಯಿತು.

"ನಾನು ಹೀಗೆ ನಡೆಯೋನೇ ಅಲ್ಲ ಅಂತ ನಿಮಗೂ ಗೊತ್ತು. ಮೊದಲನೇ ದಿನ ತಮಾಷೆಗೆ ಅಣ್ಣನ ಹಾಗೆ ನಡೆದೆ. ನೀವು ನಕ್ಕಿರಿ. ಎಷ್ಟು ತಿಂಗಳಾಗಿತ್ತೋ ನೀವು ನಕ್ಕು. ಆಮೇಲೆ ನಿಲ್ಸೋಕೆ ಮನಸ್ಸು ಬರ್ಲಿಲ್ಲ." ತೊರೆಗೊಂದು ಕಲ್ಲು ಎಸೆದ. "ನಿಮಗೆ ಆ ಬೆನ್ನೇ ಬೇಕು ಅಂದ್ರೆ ಕೊನೇವರೆಗೂ ಹೀಗೇ ನಡೀತೀನಿ. ಆದ್ರೆ ಯಾವಾಗಾದ್ರೂ ಮುಖಾನೂ ನೋಡಿ."

"ನಡೀರಿ, ಮೋಡ ಇಳೀತಿದೆ" ಎಂದು ಎದ್ದಳು.

ಬೆಟ್ಟದ ಏಣಿನ ಮೇಲೆ ದಾರಿ ಕಿರಿದಾಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಸಡಿಲ ಕಲ್ಲಿನ ಇಳಿಜಾರು. ಮಂಜು ಬಂದು ಮುಂದಿದ್ದ ಬೆನ್ನನ್ನು ನುಂಗಿಬಿಟ್ಟಿತು.

ಆಗ ಜಲ್ಲಿಯ ಮೇಲೆ ಬೂಟಿನ ಸದ್ದು ಕೇಳಿಸಿತು. ಮುಂದಿನಿಂದಲ್ಲ, ಎಡಗಡೆಯಿಂದ, ಇಳಿಜಾರಿನ ಕೆಳಗಿನಿಂದ. ಹಿಮ್ಮಡಿ ಊರಿ ಇಟ್ಟ ಹೆಜ್ಜೆ.

"ಬಾರೇ. ಎಷ್ಟು ಹೊತ್ತು?"

ಸಿಡುಕಿನಲ್ಲೂ ಮುದ್ದು ತುಂಬಿದ ಅದೇ ದನಿ. ಭಯವೇ ಆಗಲಿಲ್ಲ. ಎದೆಯೊಳಗೆ ಬೆಚ್ಚಗಾಯಿತು. ಅವಳು ಎಡಕ್ಕೆ ಕಾಲಿಟ್ಟಳು. ಕಲ್ಲು ಜಾರಿತು. ಇನ್ನೊಂದು ಹೆಜ್ಜೆಗೆ ಕಾಲೆತ್ತಿದಳು.

ಮುಂದಿನಿಂದ ಯಾರೋ ಅವಳ ಹೆಸರು ಹಿಡಿದು ಕೂಗಿದರು.

ಅವನೇ. ಇಷ್ಟು ವರ್ಷ ಅತ್ತಿಗೆ ಎಂದಷ್ಟೇ ಕರೆದವನ ಬಾಯಲ್ಲಿ ತನ್ನ ಹೆಸರು ಕೇಳಿ ಅವಳು ಬೆಚ್ಚಿ ನಿಂತಳು. ಕಾಲಡಿಯಿಂದ ಉರುಳಿದ ಕಲ್ಲು ತಳ ಮುಟ್ಟಿದ ಸದ್ದೇ ಬರಲಿಲ್ಲ.

ಅವನು ತೆವಳುತ್ತ ಬಂದು ಅವಳ ಬ್ಯಾಗಿನ ಪಟ್ಟಿ ಹಿಡಿದು ಎಳೆದುಕೊಂಡ. ಇಬ್ಬರೂ ಬಂಡೆಗೆ ಒರಗಿ ಕೂತರು. ಲ್ಯಾಬಿನಲ್ಲಿ ದಿನವಿಡೀ ಜನರ ಕೈಗೆ ಸೂಜಿ ಚುಚ್ಚಿ ರಕ್ತ ತೆಗೆಯುವ ಅವಳ ಬೆರಳುಗಳು ಈಗ ಬಂಡೆಯ ಬಿರುಕನ್ನು ಬಿಗಿಯಾಗಿ ಹಿಡಿದಿದ್ದವು. ಅವನು ಆ ಬೆರಳುಗಳನ್ನು ಬಿಡಿಸಿ ತನ್ನ ಎರಡೂ ಕೈಗಳ ನಡುವೆ ಮುಚ್ಚಿಟ್ಟುಕೊಂಡ.

"ನಿನಗೂ ಆ ದನಿ ಕೇಳಿಸ್ತಾ?" ಎಂದಳು.

"ದಿನಾ ಕೇಳ್ಸುತ್ತೆ. ಲಿಫ್ಟಿನ ಗುಂಡಿಗೆ ಇಳಿದಾಗಲೂ. ನಾನು ತಿರುಗಿ ನೋಡಲ್ಲ, ಅಷ್ಟೇ."

ಅವಳು ಅವನ ಮುಖ ನೋಡಿದಳು. ಹುಬ್ಬಿನ ತುಂಬ ಮಂಜಿನ ಹನಿ, ಸ್ವಲ್ಪ ಸೊಟ್ಟ ಮೂಗು, ಅಳು ತಡೆಯಲು ಬಿಗಿಹಿಡಿದ ಗದ್ದ. ಯಾರ ಹಾಗೂ ಇಲ್ಲದ ಮುಖ.

"ಇನ್ನೊಂದ್ಸಲ ನನ್ನ ಹೆಸರು ಕರಿ."

ಅವನು ಮೆಲ್ಲಗೆ ಕರೆದ. ಅವಳು ಎದ್ದು ಇಳಿಜಾರಿನ ಕಡೆ ತಿರುಗಿದಳು.

"ನಾನು ಬರಲ್ಲ ರೀ," ಎಂದಳು. "ನೀವು ಹೋಗಿ."

ಕೆಳಗೆ ಜಲ್ಲಿ ಒಮ್ಮೆ ಸರಿದಾಡಿತು. ಆಮೇಲೆ ಗಾಳಿಯೊಂದೇ ಉಳಿಯಿತು.

ಇಳಿಯುವಾಗ ಅವನು ತನ್ನ ನಡಿಗೆಯಲ್ಲೇ ನಡೆದ. ಪಾದ ಎರಡೂ ಹೊರಗೆ ಚಾಚಿ, ಬಾತುಕೋಳಿಯ ಹಾಗೆ ಓಲಾಡುತ್ತ. ಅವಳು ಅಳುತ್ತಲೇ ನಕ್ಕುಬಿಟ್ಟಳು.

"ನಗಬೇಡ. ಇರೋದೇ ಹೀಗೆ."

"ಹೀಗೇ ಇರು," ಎಂದು ಅವನ ಕೈ ಹಿಡಿದಳು.

ಕತ್ತಲಾಗುವ ಮೊದಲೇ ತಂಗುಮನೆ ಸಿಕ್ಕಿತು. ಜಗಲಿಯ ಮೂಲೆಯಲ್ಲಿ ಸಿಗ್ನಲ್ ಇತ್ತು. ಅವಳು ಅತ್ತೆಗೆ ಫೋನ್ ಮಾಡಿದಳು.

"ಇಳಿದ್ವಿ ಅತ್ತೆ."

ಆ ಕಡೆ ಕುರ್ಚಿ ಎಳೆದ ಸದ್ದು. ಆಮೇಲೆ, ಯಾರಿಗೂ ಕೇಳಿಸಬಾರದೆಂಬಂತೆ ತಗ್ಗಿದ ದನಿ.

"ಇಬ್ಬರೇನಾ? ನನ್ನ ಮಗ ಬರ್ಲಿಲ್ವಾ?"

ಅವಳು ಪಕ್ಕದಲ್ಲಿದ್ದವನನ್ನು ನೋಡಿದಳು. ಅವನು ಉಸಿರು ಬಿಗಿಹಿಡಿದು ನಿಂತಿದ್ದ.

"ಹೌದತ್ತೆ. ಇಬ್ಬರೇ."

ಲೈನ್ ಕಟ್ಟಾಯಿತೇನೋ ಅಂದುಕೊಳ್ಳುವಷ್ಟರಲ್ಲಿ ಅತ್ತೆಯ ದನಿ ಮತ್ತೆ ಬಂತು.

"ಸರಿಯಮ್ಮ. ಹಾಗಾದ್ರೆ ಜೊತೆಗಿರೋನನ್ನಾದ್ರೂ ಜೋಪಾನವಾಗಿ ಕರ್ಕೊಂಡು ಬಾ. ನಮ್ಮ ಮನೆಗೇ ಕರ್ಕೊಂಡು ಬಾ."