ಮಾಹೀರಾಳ ಮೊದಲ ಚಮಚ ನೀರು

"ಒಂದು ಹನಿ ನೀರು ಕೊಟ್ರ ನಿಮ್ಮ ಗಂಟೇನು ಹೋಗತೈತ್ರಿ ಸಿಸ್ಟರ್?"

ಶಿಗ್ಗಾವಿಯ ಮಕ್ಕಳ ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ನಿಂತು ಹೀಗೆ ಕೇಳಿದವನನ್ನು ನರ್ಸ್ ನಿಖತ ಅಡಿಯಿಂದ ಮುಡಿಯವರೆಗೆ ನೋಡಿದಳು. ಸವಣೂರಿನ ವೀಳ್ಯದೆಲೆ ವ್ಯಾಪಾರಿ ಅತೀಕ. ಕೈಯಲ್ಲಿ ಮೆಕ್ಕಾದ ಪವಿತ್ರ ಝಮ್‌ಝಮ್ ನೀರಿನ ಪುಟ್ಟ ಬಾಟಲಿ. ಒಳಗೆ ಉಸಿರಾಟದ ಯಂತ್ರದ ಮೇಲೆ ಮಲಗಿದ್ದವಳು ಅವನ ಅಕ್ಕನ ಮಗಳು, ನಾಲ್ಕು ವರ್ಷದ ಮಾಹೀರಾ. ಡೆಂಗಿ ಜ್ವರ ಮಗುವನ್ನು ಹಿಂಡಿ ಹಾಕಿತ್ತು.

"ಬ್ಯಾಡ್ರಿ. ಮೈಯಾಗ ನೀರು ಹೆಚ್ಚಾಗಿ ಎದಿಗೆ ಇಳದೈತಿ."

"ತುಟಿ ಒಣಗ್ಯಾವಲ್ರಿ... ನಿಮಗ ಕರುಳು ಅನ್ನೂದು ಐತೋ ಇಲ್ಲೋ?"

ಎಲಾ ಇವನ! ನಿಖತಳಿಗೆ ಮೂಗಿನ ತುದಿಗೆ ಸಿಟ್ಟು ಬಂತು. ಆದರೆ ಅತ್ತು ಅತ್ತು ಕೆಂಪಾದ ಅವನ ಕಣ್ಣು ನೋಡಿ ನುಂಗಿಕೊಂಡಳು.

"ನಿಮ್ಮ ಎಲಿ ಬುಟ್ಟಿಗೆ ನೀರು ಹೆಚ್ಚು ಚಿಮಕಿಸಿದ್ರ ಏನಾಗತೈತ್ರಿ?"

"ಎಲಿ ಕೊಳಿತಾವ."

"ಚಿಮಕಿಸದಿದ್ರ?"

"ಬಾಡ್ತಾವ್ರಿ."

"ಇಲ್ಲೂ ಹಂಗ. ಮೊದಲ ಜೀವ ಉಳಸಾಕ ಸಲೈನ್ ಕೊಟ್ಟೇವಿ. ಈಗ ಹೆಚ್ಚಾದ ನೀರು ಮೂತ್ರದಾಗ ಹೋಗಬೇಕು. ಗಡಿಬಿಡಿ ಮಾಡಿ ತಗದ್ರ ಬಿಪಿ ಬೀಳತೈತಿ. ಹದ ಹಿಡದು ತಗೀಬೇಕ್ರಿ."

ಅತೀಕ ಬಾಟಲಿಯನ್ನು ಜೇಬಿಗಿಳಿಸಿದ. ಆಮೇಲೆ ಬಾಗಿಲು ತೆರೆದಾಗಲೆಲ್ಲ ಅವನದು ಒಂದೇ ಪ್ರಶ್ನೆ. "ಸಿಸ್ಟರ್, ನಮ್ಮ ಹುಡುಗಿ ಒಂದಕ್ಕ ಹೋದಳೇನ್ರಿ?" ಹೌದೆಂದರೆ ಹಬ್ಬ ಬಂದಂತೆ ಇಡೀ ಕಾರಿಡಾರಿಗೆ ಚಹಾ ತರಿಸುತ್ತಿದ್ದ.

ನಿಖತಳಿಗೆ ನಗು ಬರುತ್ತಿತ್ತು. ನಗುವಷ್ಟಕ್ಕೆ ನಿಲ್ಲಲಿಲ್ಲ ಎನ್ನುವುದೇ ತಾಪತ್ರಯ. ಡ್ಯೂಟಿಗೆ ಬಂದ ಕೂಡಲೇ ಕಣ್ಣು ಅವನ ಬೆಂಚನ್ನೇ ಹುಡುಕುತ್ತಿತ್ತು.

ಮಾಹೀರಾಳ ಮುಖದ ಬಾವು ಇಳಿಯಿತು. ಮರುದಿನ ಉಸಿರಿನ ನಳಿಕೆ ತೆಗೆಯೋಣ ಎಂದರು ಡಾಕ್ಟರು. ಅಂದೇ ಮಧ್ಯಾಹ್ನ, ಮನೆಯವರು ನೋಡಿಹೋದ ಬೆನ್ನಿಗೆ, ಮಗು ಒಮ್ಮೆಲೇ ಕೆಮ್ಮಿ ನೀಲಿಗಟ್ಟಿತು. ದಿಂಬು ಒದ್ದೆ, ತುಟಿಯ ಮೇಲೆ ನೀರಲ್ಲಿ ನೆನೆದ ಹತ್ತಿ! ನಿಖತ ಬಾಯೊಳಗಿನ ನೀರನ್ನು ಎಳೆದು ತೆಗೆದಳು. ಉಸಿರು ಹದಕ್ಕೆ ಬರುವಷ್ಟರಲ್ಲಿ ಅವಳ ಜೀವ ಬಾಯಿಗೆ ಬಂದಿತ್ತು. ನಳಿಕೆ ತೆಗೆಯುವುದನ್ನು ಡಾಕ್ಟರು ಮುಂದೂಡಿದರು.

"ಯಾರು ಮಾಡಿದ್ರಿ ಇದನ್ನ?"

ಅತೀಕ ತನ್ನ ತಾಯಿ, ಮಗುವಿನ ಅಜ್ಜಿ ಹಾಜರಾಬಿಗೆ ಅಡ್ಡವಾಗಿ ಬಂದು ನಿಂತ. "ನಾನ್ರಿ."

"ಇನ್ನ ಒಳಗ ಕಾಲಿಡಬ್ಯಾಡ್ರಿ."

ಅವನು ತಲೆ ತಗ್ಗಿಸಿ ಹೋದ. ಇವನನ್ನು ನಂಬಿದೆನಲ್ಲ... ನಿಖತ ಔಷಧದ ಕೋಣೆಗೆ ಹೋಗಿ ಅತ್ತಳು.

ಬೆಳಗ್ಗೆ ಹಾಜರಾಬಿ ಅವಳ ಕೈ ಹಿಡಿದರು. "ಅಂವಲ್ಲವ್ವ, ನಾನ. ಝಮ್‌ಝಮ್ ನೀರು ನಿಮ್ಮ ನೀರಿನ ಲೆಕ್ಕಕ್ಕ ಬರೂದಿಲ್ಲ ಅನ್ಕೊಂಡಿದ್ದೆ... ನನಗ ಬೈತೀರಂತ ಅಂವ ತನ್ನ ಮ್ಯಾಲೆ ಹಾಕ್ಕೊಂಡ."

ನಿಖತ ಆ ಕೈಯನ್ನು ಮೆಲ್ಲಗೆ ಒತ್ತಿದಳು. ಅಜ್ಜಿಯ ಪ್ರೀತಿಗೆ ಬೈಯುವುದಾದರೂ ಹೇಗೆ?

ಎರಡು ದಿನದ ಮೇಲೆ ನಳಿಕೆ ಹೊರಬಂತು. ಸಂಜೆಗೆ ಮಾಹೀರಾ ಒಡಕು ದನಿಯಲ್ಲಿ ನೀರು ಬೇಡಿದಳು. ಈಗ ಕೊಡಬಹುದು ಎಂದರು ಡಾಕ್ಟರು. ನಿಖತ ಬಾಗಿಲಿಗೆ ಓಡಿದಳು.

"ಅತೀಕ ಅವರ, ಒಳಗ ಬರ್ರಿ. ಆ ಬಾಟಲಿ ಐತೇನ್ರಿ?"

"ತಳದಾಗ ಒಂಚೂರು ಐತ್ರಿ."

"ಒಂದು ಚಮಚ ಹಾಕ್ರಿ. ಇದೂ ಲೆಕ್ಕಕ್ಕ ಬರತೈತಿ ಮತ್ತ."

ಮಾಹೀರಾ ನೀರು ನುಂಗಿ ತುಟಿ ಚಪ್ಪರಿಸಿದಳು. ಅತೀಕನ ಕಣ್ಣು ತುಂಬಿ ಬಂತು.

"ಸುಳ್ಳ ಯಾಕ ಹೇಳಿದ್ರಿ?" ಕೇಳಿದಳು ನಿಖತ.

"ನಿಮ್ಮ ಬೈಗಳ ಅವ್ವ ತಡಕೊಳ್ಳೂದಿಲ್ಲ, ನಾ ತಡಕೋತೇನಿ ಅನ್ಕೊಂಡಿದ್ದೆ. ನನ್ನ ಕೈಲೂ ಆಗಲಿಲ್ಲ ಬಿಡ್ರಿ."

ಅವಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. "ನನಗೂ ಆಗಲಿಲ್ಲ."

ಅತೀಕ ಮೆಲ್ಲಗೆ ಕೇಳಿದ. "ಹುಡುಗಿ ಮನಿಗೆ ಬಂದ ಮ್ಯಾಲೆ ಅವ್ವನ್ನ ಕರ್ಕೊಂಡು ಹಾನಗಲ್ಲಿಗೆ, ನಿಮ್ಮ ಮನಿಗೆ... ಎಲಿ-ಅಡಿಕಿ ತಗೊಂಡು ಬರ್ಲೇನ್ರಿ?"

ನಿಖತ ಮಗುವಿನ ಹೊದಿಕೆ ಸರಿಮಾಡುತ್ತ ನಕ್ಕಳು.

"ಬರ್ರಿ. ಎಲಿಗೆ ನೀರು ಮಾತ್ರ ಹದ ನೋಡಿ ಚಿಮಕಿಸ್ರಿ."